ಗುಂಡನ ಉಗುರು, ಪಾವ್ಲೋವ್ ಅವರ ಹಠಮಾರಿ ನಾಯಿ

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಡ್ರಾಯರ್ ಇದೆ. ಸ್ಕ್ರೂಡ್ರೈವರ್, ಹಳೇ ಚಾರ್ಜರ್, ಕರೆಂಟ್ ಬಿಲ್ಲು, ಖಾಲಿಯಾದ ಸೆಲ್ಲು, ಹೀಗೆ ಎಲ್ಲಿಯೂ ಜಾಗ ಸಿಗದ್ದೆಲ್ಲ ಅದರಲ್ಲಿ ಬೀಳುತ್ತದೆ. ನಾಯಿಯ ಉಗುರು ಕತ್ತರಿಸುವ ಕಟರ್ ಕೂಡ ಅಲ್ಲೇ ಇತ್ತು. ಡ್ರಾಯರ್ ಎಳೆದರೆ ಕಿರ್ ಅನ್ನುತ್ತದೆ. ನಾನು ಸುಮ್ನೆ ಸೆಲ್ಲು ಹುಡುಕೋಕೆ ಎಳೆದರೂ ಸಾಕು, ಸೋಫಾ ಮೇಲೆ ಗೊರಕೆ ಹೊಡೆಯುತ್ತಿದ್ದ ಗುಂಡ ಎದ್ದು ಓಡಿಹೋಗಿ ಮಂಚದ ಕೆಳಗೆ, ಕೈಗೆ ಸಿಗದ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ಕೂರುತ್ತಿದ್ದ.

ಗುಂಡ ಏಳು ಕಿಲೋದ ಬಿಳಿ ನಾಯಿ. ಕೊಟ್ಟವರು ಪಾಮೆರೇನಿಯನ್ ಅಂದಿದ್ದರು. ನಮ್ಮ ಕಡೆ ಆ ಹೆಸರಲ್ಲಿ ಸಿಗುವುದು ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್, ಇರಲಿ ಬಿಡಿ. ಮೈಯೆಲ್ಲ ಹಾಲಿನಂತೆ ಬಿಳಿ, ಉಗುರು ಮಾತ್ರ ಕಪ್ಪು. ಈ ಕಪ್ಪು ಉಗುರೇ ನಮ್ಮ ಕಷ್ಟಕ್ಕೆಲ್ಲ ಮೂಲ.

ಡ್ರಾಯರಿನ ಭಯ ಶುರುವಾದದ್ದು ಒಂದು ಭಾನುವಾರ. ತಮ್ಮ ಅವನನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದುಕೊಂಡ. ಅಮ್ಮ ತಲೆ ಸವರುತ್ತಾ "ಬೇಗ ಮುಗಿಸಿಬಿಡೋ" ಅಂತ ಅವಸರ ಮಾಡುತ್ತಿದ್ದರು. ನಾನು ಕತ್ತರಿಸುವವನು. ಮೂರನೇ ಉಗುರಿಗೆ ಕಟರ್ ಸ್ವಲ್ಪ ಒಳಗೆ ಹೋಯಿತು. ಅಂಥ ಕಿರುಚಾಟವನ್ನು ನಾನು ಅವತ್ತಿನವರೆಗೆ ಅವನ ಬಾಯಲ್ಲಿ ಕೇಳಿರಲಿಲ್ಲ. ಟೈಲ್ಸ್ ಮೇಲೆಲ್ಲ ರಕ್ತದ ಚುಕ್ಕಿ, ತಮ್ಮನ ಹೆಬ್ಬೆರಳಿಗೆ ಹಲ್ಲಿನ ಗುರುತು, ಅಮ್ಮ ಅರಿಶಿನದ ಡಬ್ಬಿ ಹಿಡಿದು ಓಡಾಟ. ತಪ್ಪು ಪೂರ್ತಿ ನನ್ನದೇ.

ನಾಯಿಯ ಉಗುರು ನಮ್ಮ ಉಗುರಿನ ಹಾಗೆ ಬೆರಳ ಮೇಲೆ ಕೂತ ಚಪ್ಪಟೆ ಬಿಲ್ಲೆ ಅಲ್ಲ. ಬೆರಳಿನ ಕೊನೆಯ ಎಲುಬಿನ ತುದಿಗೆ ತೊಡಿಸಿದ ಕೊಂಬಿನ ಟೊಪ್ಪಿ ಅದು. ಹೊರಗಿನ ಗಟ್ಟಿ ಪದರ ಕೆರಟಿನ್, ಅಂದರೆ ನಮ್ಮ ಕೂದಲು, ಹಸುವಿನ ಕೊಂಬು ಎರಡರಲ್ಲೂ ಇರುವ ಅದೇ ಪ್ರೋಟೀನ್. ಅದನ್ನು ಕತ್ತರಿಸಿದರೆ ನೋವಿಲ್ಲ. ಆದರೆ ಒಳಗೆ ರಕ್ತನಾಳ ಮತ್ತು ನರ ಇರುವ ಮೆತ್ತನೆಯ ಹಸಿ ಭಾಗ ಒಂದಿದೆ. ಇಂಗ್ಲಿಷಿನಲ್ಲಿ ಅದನ್ನು ಕ್ವಿಕ್ ಅನ್ನುತ್ತಾರೆ. ನಾನು ಕತ್ತರಿಸಿದ್ದು ಅದನ್ನೇ. ಬಿಳಿ ಉಗುರಾದರೆ ಆ ಭಾಗ ಹೊರಗಿನಿಂದಲೇ ನಸುಗೆಂಪಾಗಿ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಏನೂ ಕಾಣುವುದಿಲ್ಲ.

ಇನ್ನೊಂದು ತಾಪತ್ರಯ ಏನೆಂದರೆ, ಉಗುರು ಬೆಳೆದಂತೆ ಈ ಹಸಿ ಭಾಗವೂ ಅದರ ಜೊತೆ ಮುಂದಕ್ಕೆ ಬೆಳೆಯುತ್ತದೆ. ಭಯದಿಂದ ಮೂರು ತಿಂಗಳು ಮುಂದೂಡಿದಿರಿ ಅಂದುಕೊಳ್ಳಿ, ಆಮೇಲೆ ಕತ್ತರಿಸಲು ಸುರಕ್ಷಿತ ಜಾಗವೇ ಕಡಿಮೆ ಉಳಿದಿರುತ್ತದೆ, ಆಗ ರಕ್ತ ಬರುವ ಸಾಧ್ಯತೆ ಜಾಸ್ತಿ, ರಕ್ತ ಬಂದರೆ ನಾಯಿಗೆ ಭಯ ಜಾಸ್ತಿ, ಅದಕ್ಕೆ ಭಯವಾದರೆ ನೀವು ಇನ್ನೂ ಮುಂದೂಡುತ್ತೀರಿ. ಸಮಾಧಾನದ ವಿಷಯ, ಇದು ಉಲ್ಟಾ ಕೂಡ ನಡೆಯುತ್ತದೆ. ವಾರಕ್ಕೊಮ್ಮೆ ತುದಿಯಲ್ಲಿ ಚೂರೇ ಚೂರು ತೆಗೆಯುತ್ತಾ ಹೋದರೆ ಹಸಿ ಭಾಗ ನಿಧಾನವಾಗಿ ಹಿಂದೆ ಸರಿಯುತ್ತದೆ.

"ನಮ್ಮ ಊರಲ್ಲಿ ಯಾವ ನಾಯಿಗೆ ಯಾರು ಉಗುರು ಕತ್ತರಿಸಿದ್ದರು?" ಅಂತ ಅಮ್ಮ ಕೇಳಿದ್ದರು. ಪ್ರಶ್ನೆ ಸರಿಯಾಗಿಯೇ ಇದೆ. ಊರಿನ ನಾಯಿ ಇಡೀ ದಿನ ಮಣ್ಣು, ಕಲ್ಲು, ಡಾಂಬರಿನ ಮೇಲೆ ಓಡಾಡುತ್ತದೆ, ನೆಲ ಕೆರೆಯುತ್ತದೆ. ಉಗುರು ತಾನಾಗಿ ಸವೆಯುತ್ತದೆ. ಗುಂಡ ಓಡಾಡುವುದು ಟೈಲ್ಸ್ ಮೇಲೆ, ಮಲಗುವುದು ಸೋಫಾ ಮೇಲೆ. ನಡೆಯುವಾಗ ಟಕ್ ಟಕ್ ಸದ್ದು ಬಂದರೆ ಉಗುರು ನೆಲಕ್ಕೆ ತಾಗುತ್ತಿದೆ ಎಂದೇ ಲೆಕ್ಕ. ನಾಯಿ ನಿಂತುಕೊಳ್ಳುವುದೇ ಬೆರಳುಗಳ ಮೇಲೆ, ಹಾಗಾಗಿ ಉದ್ದದ ಉಗುರು ಪ್ರತಿ ಹೆಜ್ಜೆಗೂ ಬೆರಳನ್ನು ಮೇಲಕ್ಕೆ ತಳ್ಳುತ್ತದೆ. ಮುಂಗಾಲಿನ ಒಳಬದಿಯಲ್ಲಿ ಹೆಬ್ಬೆರಳಿನಂತೆ ಒಂದು ಉಗುರು ಇರುತ್ತದಲ್ಲ, ಅದು ನಡೆಯುವಾಗ ನೆಲಕ್ಕೆ ತಾಗುವುದಿಲ್ಲ, ಸವೆಯುವುದೂ ಕಡಿಮೆ. ಉದ್ದ ಕೂದಲಿನ ನಾಯಿಗಳಲ್ಲಿ ಅದು ಕಣ್ಣಿಗೆ ಬೀಳದೆ ಸುತ್ತಿಕೊಂಡು ಬೆಳೆದು ಚರ್ಮಕ್ಕೇ ಚುಚ್ಚಿಕೊಳ್ಳುವುದುಂಟು.

ಕತ್ತರಿಸಲೇಬೇಕು, ಸರಿ. ಆದರೆ ಕೊಡದ ನಾಯಿಯ ಕಾಲು ಹಿಡಿಯುವುದು ಹೇಗೆ?

ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ನಾಯಿ ಗೊತ್ತಲ್ವಾ, ಊಟದ ಜೊತೆ ಗಂಟೆ ಕೇಳಿ ಕೇಳಿ, ಆಮೇಲೆ ಬರೀ ಗಂಟೆ ಬಾರಿಸಿದರೂ ಜೊಲ್ಲು ಸುರಿಸಿದ್ದು. ಅವರ ಪ್ರಯೋಗಶಾಲೆಯಲ್ಲಿ ಇನ್ನೊಂದು ನಾಯಿ ಇತ್ತು, ಅದರ ಕಥೆ ನನಗೆ ಗಂಟೆಯ ಕಥೆಗಿಂತ ಹೆಚ್ಚು ಇಷ್ಟ. ಪ್ರಯೋಗಕ್ಕೆ ನಾಯಿಗಳನ್ನು ಒಂದು ಚೌಕಟ್ಟಿನಲ್ಲಿ ಸಡಿಲವಾಗಿ ಪಟ್ಟಿ ಕಟ್ಟಿ ನಿಲ್ಲಿಸುತ್ತಿದ್ದರು. ಹೆಚ್ಚಿನವು ಸುಮ್ಮನೆ ನಿಲ್ಲುತ್ತಿದ್ದವು. ಇದೊಂದು ಮಾತ್ರ ನಿಲ್ಲಲೇ ಇಲ್ಲ. ಸ್ವಭಾವದಲ್ಲಿ ಸಾಧು ನಾಯಿ, ಆದರೆ ಕಟ್ಟಿದರೆ ಸಾಕು, ಒದ್ದಾಟ, ಏದುಸಿರು, ನಿಲ್ಲದ ಜೊಲ್ಲು. ಪಾವ್ಲೋವ್ ಇದಕ್ಕೆ ಸ್ವಾತಂತ್ರ್ಯದ ಪ್ರತಿವರ್ತನೆ ಎಂದು ಹೆಸರಿಟ್ಟರು. 1927ರಲ್ಲಿ ಇಂಗ್ಲಿಷಿಗೆ ಬಂದ ಅವರ ಉಪನ್ಯಾಸಗಳಲ್ಲಿ ಇದರ ವಿವರ ಇದೆ. ಅವರು ಮಾಡಿದ ಉಪಾಯ ತುಂಬಾ ಸರಳ. ಆ ನಾಯಿಗೆ ಊಟವನ್ನು ಆ ಚೌಕಟ್ಟಿನಲ್ಲೇ ಕೊಟ್ಟರು, ಬೇರೆಲ್ಲೂ ಕೊಡಲಿಲ್ಲ. ಮೊದಮೊದಲು ಅದು ಸರಿಯಾಗಿ ತಿನ್ನದೆ ತೂಕ ಕಳೆದುಕೊಂಡಿತು. ನಿಧಾನವಾಗಿ ತಿನ್ನುವುದು ಹೆಚ್ಚಾಯಿತು, ಕೊನೆಗೆ ಪೂರ್ತಿ ಊಟ ಅಲ್ಲೇ ಮುಗಿಸತೊಡಗಿತು, ಒದ್ದಾಟವೂ ಇಳಿಯಿತು. ಹಸಿವಿನಿಂದ ಬಗ್ಗಿಸಿದ್ದು ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು. ಗಮನಿಸಬೇಕಾದದ್ದು ಇಷ್ಟು. ಕೈಕಾಲು ಹಿಡಿದಾಗ ಕೊಸರಾಡುವುದನ್ನು ನಾವು ಹಠ, ಮುದ್ದು ಜಾಸ್ತಿಯಾಯ್ತು ಅಂತೆಲ್ಲ ಬೈಯುತ್ತೇವೆ. ಪಾವ್ಲೋವ್ ಅದನ್ನು ಹುಟ್ಟಿನಿಂದ ಬಂದ ಸ್ವಭಾವ ಎಂದು ಲೆಕ್ಕ ಹಾಕಿದ್ದರು.

1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಇದೇ ಊಟದ ಉಪಾಯವನ್ನು ಬಹಳ ಮೃದುವಾಗಿ ಬಳಸಿದ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿರುವುದು ನಾಯಿಯಲ್ಲ, ಪೀಟರ್ ಎಂಬ ಮೂರು ವರ್ಷದ ಆಸುಪಾಸಿನ ಹುಡುಗ. ಅವನಿಗೆ ಮೊಲ ಕಂಡರೆ ವಿಪರೀತ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿ ಇಟ್ಟರು. 12 ಅಡಿ ದೂರ ಸಹಿಸಿಕೊಂಡ, ಆಮೇಲೆ 4 ಅಡಿ, 3 ಅಡಿ. ಕೊನೆಗೆ ಮೊಲ ಅವನ ಬೆರಳನ್ನು ಕಚ್ಚಿ ನೋಡಿದರೂ ಸುಮ್ಮನಿರುವ ಮಟ್ಟಕ್ಕೆ ಬಂದ. ನಡುವೆ ಜ್ವರ ಬಂದು ಆಸ್ಪತ್ರೆ ಸೇರಿದ, ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಹೆದರಿಸಿತು, ಎಲ್ಲ ಮತ್ತೆ ಹಿಂದಕ್ಕೆ ಹೋಯಿತು, ಪುನಃ ಶುರು ಮಾಡಬೇಕಾಯಿತು, ತಿಂಡಿಯ ಉಪಾಯ ಬಂದದ್ದು ಆಗಲೇ. ಜೋನ್ಸ್ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಅಜಾಗರೂಕತೆಯಿಂದ ಮಾಡಿದರೆ ತಿಂಡಿಯ ಖುಷಿ ಮೊಲಕ್ಕೆ ಅಂಟುವ ಬದಲು ಮೊಲದ ಭಯವೇ ತಿಂಡಿಗೆ ಅಂಟಿಕೊಳ್ಳಬಹುದು.

ನಮ್ಮ ಮನೆಯಲ್ಲಿ ಆಗಿದ್ದು ಇದೇ! ನಾನು ಮೊದಲು ಚಿಕನ್ ತೋರಿಸಿ ಕರೆಯುತ್ತಿದ್ದೆ, ಬಂದಾಗ ಹಿಡಿದುಕೊಳ್ಳುತ್ತಿದ್ದೆ. ಗುಂಡ ಕಲಿತದ್ದು, ಹೊತ್ತಲ್ಲದ ಹೊತ್ತಲ್ಲಿ ಚಿಕನ್ ಬಂದರೆ ಹಿಂದೆಯೇ ಕಟರ್ ಬರುತ್ತದೆ ಅಂತ. ಒಂದು ಹಂತದಲ್ಲಿ ಅವನು ಬೇಯಿಸಿದ ಚಿಕನ್ ನೋಡಿದರೂ ಅನುಮಾನದಿಂದ ಹಿಂದೆ ಸರಿಯುತ್ತಿದ್ದ. ಕ್ರಮ ತಿರುಗಿಸಬೇಕಿತ್ತು. ಕಟರ್ ಮೊದಲು, ಅದರ ಹಿಂದೆ ಚಿಕನ್.

"ಗಟ್ಟಿಯಾಗಿ ಹಿಡ್ಕೊಳ್ಳಿ, ಐದು ನಿಮಿಷ ಅರಚುತ್ತೆ, ಆಮೇಲೆ ತಾನೇ ಸುಮ್ಮನಾಗುತ್ತೆ" ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆನ್‌ಲೈನಿನಲ್ಲಿ ಒಂದು ಬಟ್ಟೆಯ ತೊಟ್ಟಿಲೂ ಸಿಗುತ್ತದೆ, ನಾಲ್ಕು ತೂತು, ನಾಯಿಯನ್ನು ಅದರಲ್ಲಿ ಇಟ್ಟು ಮೇಲೆ ತೂಗುಹಾಕಿದರೆ ನಾಲ್ಕು ಕಾಲೂ ಗಾಳಿಯಲ್ಲಿ ನೇತಾಡುತ್ತವೆ, ನಾಯಿ ಗಪ್ ಚಿಪ್. ಅದರ ಚಿತ್ರ ನೋಡಿದಾಗ ನನಗೆ ನೆನಪಾದದ್ದು 1967. ಆ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಗಳನ್ನು ಹೆಚ್ಚುಕಡಿಮೆ ಇಂಥದ್ದೇ ನಾಲ್ಕು ತೂತಿನ ಬಟ್ಟೆಯ ತೊಟ್ಟಿಲಲ್ಲಿ ಇಟ್ಟು ಕರೆಂಟ್ ಶಾಕ್ ಕೊಟ್ಟಿದ್ದರು. ಕ್ರೂರ ಪ್ರಯೋಗ. ಕೆಲವು ನಾಯಿಗಳು ತಲೆಯಿಂದ ಒಂದು ಹಲಗೆ ಒತ್ತಿ ಶಾಕ್ ನಿಲ್ಲಿಸಬಹುದಿತ್ತು. ಇನ್ನು ಕೆಲವಕ್ಕೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಮರುದಿನ ಎಲ್ಲವನ್ನೂ ಸುಲಭವಾಗಿ ಜಿಗಿದು ಪಾರಾಗಬಹುದಾದ ಪೆಟ್ಟಿಗೆಗೆ ಬಿಟ್ಟರು. ಮೊದಲ ಗುಂಪು ಜಿಗಿಯಿತು. ಎರಡನೇ ಗುಂಪಿನಲ್ಲಿ ಹೆಚ್ಚಿನವು ಅಲ್ಲೇ ಸುಮ್ಮನೆ ಶಾಕ್ ತಿನ್ನುತ್ತಾ ಉಳಿದವು. ಇದಕ್ಕೆ ಕಲಿತ ಅಸಹಾಯಕತೆ ಎಂಬ ಹೆಸರು ಬಂತು.

2016ರಲ್ಲಿ ಅದೇ ಇಬ್ಬರು ಐವತ್ತು ವರ್ಷದ ಮಿದುಳಿನ ಸಂಶೋಧನೆ ಮುಂದಿಟ್ಟುಕೊಂಡು, ನಾವು ಅಂದು ಹೇಳಿದ್ದು ತಲೆಕೆಳಗಾಗಿತ್ತು ಎಂದು ಬರೆದರು. ಹಾಗೆ ಬರೆಯೋಕೆ ಧೈರ್ಯ ಬೇಕು. ಅಸಹಾಯಕತೆ ಕಲಿಯುವ ವಿಷಯವೇ ಅಲ್ಲವಂತೆ. ತಪ್ಪಿಸಿಕೊಳ್ಳಲಾಗದ ಹಿಂಸೆ ತುಂಬಾ ಹೊತ್ತು ನಡೆದರೆ ಪ್ರಾಣಿ ಕುಸಿದು ಸುಮ್ಮನಾಗುವುದು ಮಿದುಳಿನ ಸಹಜ ಪ್ರತಿಕ್ರಿಯೆ. ಕಲಿಯುವುದು ಅದಕ್ಕೆ ವಿರುದ್ಧವಾದದ್ದನ್ನು. "ಇದನ್ನು ನಾನು ನಿಲ್ಲಿಸಬಲ್ಲೆ" ಎಂಬುದನ್ನು ಮಿದುಳು ಕಲಿತರೆ ಆ ಕುಸಿತವನ್ನು ತಡೆಯುತ್ತದೆ.

ಇದನ್ನು ಓದಿದ ಮೇಲೆ ನಾನು ಗುಂಡನನ್ನು ಹಿಡಿಯುವುದು ಬಿಟ್ಟೆ. ಟವೆಲ್ಲಿನೊಳಗೆ ಅವನು ಕೊನೆಗೆ "ಸುಮ್ಮನಾದ" ದಿನ ನಾವು ಗೆದ್ದೆವು ಅಂದುಕೊಂಡಿದ್ದೆವು. ಆ ದಿನ ಅವನು ಹೋದ ಕಡೆಯೆಲ್ಲ ಟೈಲ್ಸ್ ಮೇಲೆ ಒದ್ದೆ ಹೆಜ್ಜೆ ಮೂಡಿತ್ತು. ನೀರು ತುಳಿದಿರಬೇಕು ಅಂದುಕೊಂಡೆ. ಅದು ಬೆವರು. ನಾಯಿಗೆ ನಮ್ಮ ಹಾಗೆ ಬೆವರುವ ಜಾಗ ಅಂಗಾಲೇ, ತುಂಬಾ ಹೆದರಿದಾಗ ಅಲ್ಲಿ ಬೆವರು ಬರುತ್ತದೆ.

ಹಿಡಿಯುವ ಬದಲು ಮಾಡಿದ್ದು ಇದು. ಹಳೇ ಚಾಪೆಯೊಂದನ್ನು ಬಾಲ್ಕನಿಯಲ್ಲಿ ಹಾಸಿ, ಮಡಿಸಿದ ಟವೆಲ್ ಇಟ್ಟು, ಅದರ ಮೇಲೆ ಗದ್ದ ಊರಿದರೆ ಪನೀರ್ ತುಂಡು. ಗದ್ದ ಊರಿದ್ದರೆ ನಾನು ಕೆಲಸ ಮಾಡಬಹುದು. ಎತ್ತಿದ ತಕ್ಷಣ ಕೈ ತೆಗೆಯಬೇಕು, ಅರ್ಧ ಉಗುರು ಬಾಕಿ ಇದ್ದರೂ ಸರಿ. ಇದು ನಾನು ಕಂಡುಹಿಡಿದದ್ದೇನೂ ಅಲ್ಲ, ಮೃಗಾಲಯಗಳಲ್ಲಿ ಹುಲಿ ತಾನೇ ಬಾಲ ಕೊಟ್ಟು ರಕ್ತ ತೆಗೆಸಿಕೊಳ್ಳುವುದೂ ಇಂಥ ಅಭ್ಯಾಸದಿಂದಲೇ. ಮೊದಲ ವಾರ ಕಟರ್ ಬರೀ ಚಾಪೆಯ ಪಕ್ಕ ಬಿದ್ದಿತ್ತು. ಎರಡನೇ ವಾರ ಕೈಯಲ್ಲಿ ಹಿಡಿದೆ. ಆಮೇಲೆ ಕಾಲು ಮುಟ್ಟಿದೆ, ಬೆರಳು ಮುಟ್ಟಿದೆ, ಕಟರನ್ನು ಉಗುರಿಗೆ ತಾಗಿಸಿದೆ. ಕಟ್ ಅನ್ನುವ ಸದ್ದಿಗೆ ಬೆಚ್ಚುತ್ತಿದ್ದ, ಅದಕ್ಕೆ ತೆಂಗಿನ ಪೊರಕೆಯ ಕಡ್ಡಿಗಳನ್ನು ಅವನ ಮುಂದೆ ಕತ್ತರಿಸುತ್ತಾ ಕೂತೆ. ಪಕ್ಕದ ಮನೆಯವರು ನೋಡಿ ಏನಂದುಕೊಂಡರೋ ಗೊತ್ತಿಲ್ಲ. ಮೊದಲ ಉಗುರು ಕತ್ತರಿಸಲು ಎರಡು ತಿಂಗಳು ಹಿಡಿಯಿತು. ಎಷ್ಟೋ ದಿನ ಗದ್ದ ಎತ್ತಿ ಹೊರಟೇಹೋಗುತ್ತಿದ್ದ. ವಿಚಿತ್ರ ಅಂದರೆ, ಹೋಗೋಕೆ ಬಿಟ್ಟಷ್ಟೂ ಬೇಗ ವಾಪಸ್ ಬರತೊಡಗಿದ.

ಆ ಎರಡು ತಿಂಗಳು ಮುಂಗಾಲಿನ ಉಗುರು ಏನಾಯಿತು? ಒಂದು ಹಲಗೆಗೆ ಸ್ಯಾಂಡ್‌ಪೇಪರ್, ಅದೇ ಬಡಗಿಗಳ ಉಪ್ಪುಕಾಗದ, ಅಂಟಿಸಿ ಓರೆಯಾಗಿ ಹಿಡಿದೆ. ಕೆಳಗೆ ತಿಂಡಿ ಮುಚ್ಚಿಟ್ಟರೆ ಕೆರೆಯುತ್ತಾನೆ, ಉಗುರು ತಾನೇ ಸವೆಯುತ್ತದೆ. ಅಂಗಾಲು ಉಜ್ಜಿಹೋಗದಂತೆ ನೋಡಿಕೊಂಡರೆ ಆಯಿತು. ಉಗುರು ಉಜ್ಜುವ ಬ್ಯಾಟರಿ ಮೆಷಿನ್ನೂ ತಂದಿದ್ದೆ, ದುಡ್ಡು ದಂಡ. ನಮ್ಮ ಕಿವಿಗೆ 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಗೆ ಸುಮಾರು 45,000ದವರೆಗೆ ಕೇಳುತ್ತದೆ. ನಮಗೆ ಬರೀ ಗುಂಯ್ ಅನ್ನುವ ಮೆಷಿನ್ ಅದಕ್ಕೆ ಹೇಗಿರುತ್ತದೋ.

ಕೊಸರಾಟ ಬರೀ ಭಯದಿಂದ ಅಂತಲೂ ಅಂದುಕೊಳ್ಳಬೇಡಿ. ಚಿಕ್ಕ ತಳಿಗಳಲ್ಲಿ ಹಿಂಗಾಲಿನ ಮಂಡಿಚಿಪ್ಪು ಜಾರುವ ತೊಂದರೆ ಸಾಮಾನ್ಯ. ಕಾಲನ್ನು ಪಕ್ಕಕ್ಕೆ ಎಳೆದರೆ ನಿಜವಾಗಿ ನೋಯುತ್ತದೆ. ನಡೆಯುವಾಗ ಕಾಲು ಹೇಗೆ ಹಿಂದೆ ಮುಂದೆ ಹೋಗುತ್ತದೋ ಹಾಗೇ, ಹೊಟ್ಟೆಯ ಕೆಳಗೇ ಸ್ವಲ್ಪ ಮಡಚಿ ಹಿಡಿಯಬೇಕು. ಒಂದೇ ಕಾಲಿಗೆ ಯಾವಾಗಲೂ ತಕರಾರು ಇದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಉಗುರು ಈಗಾಗಲೇ ಚರ್ಮಕ್ಕೆ ಚುಚ್ಚುತ್ತಿದ್ದರೆ ಎರಡು ತಿಂಗಳ ಪನೀರಿಗೆ ಸಮಯ ಇಲ್ಲ, ಅವರೇ ಮಂಪರಿನ ಔಷಧಿ ಕೊಟ್ಟು ಕತ್ತರಿಸುತ್ತಾರೆ. ಮನೆಯಲ್ಲಿರುವ ಮನುಷ್ಯರ ನಿದ್ರೆ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಮತ್ತೆ, ಗುರ್ ಅಂದಾಗ ಗದರಿಸಬೇಡಿ. ಅದು ಕಚ್ಚುವ ಮುಂಚಿನ ನೋಟಿಸು, ನೋಟಿಸು ಕೊಟ್ಟದ್ದಕ್ಕೆ ಏಟು ಬಿದ್ದರೆ ಮುಂದಿನ ಸಲ ನೋಟಿಸು ಇಲ್ಲದೆ ಕಚ್ಚುತ್ತದೆ. ಕಚ್ಚಿ ಗಾಯವಾದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ, ಮನೆ ನಾಯಿಯಾದರೂ ಸರಿ.

ಕಪ್ಪು ಉಗುರಿನ ಗುಟ್ಟು ಕೊನೆಗೂ ಸಿಕ್ಕಿತು. ಹೊರಗಿನಿಂದ ನೋಡಬಾರದು, ಕತ್ತರಿಸಿದ ಮುಖವನ್ನು ನೋಡಬೇಕು. ಅಕ್ಕಿಕಾಳಿಗಿಂತ ತೆಳುವಾಗಿ ಒಂದೊಂದೇ ಬಿಲ್ಲೆ ತೆಗೆಯುತ್ತಾ ಹೋದರೆ ಮೊದಲು ಒಣಗಿದ, ಪುಡಿಪುಡಿಯಾದ ಬಿಳಚು ಭಾಗ ಕಾಣುತ್ತದೆ. ನಡುವೆ ಒಂದು ದುಂಡು ಚುಕ್ಕಿ, ತೇವವಾಗಿ ಹೊಳೆಯುವಂಥದ್ದು, ಕಂಡ ಕೂಡಲೇ ನಿಲ್ಲಿಸಬೇಕು. ಅಕಸ್ಮಾತ್ ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ ಕೆಲವು ನಿಮಿಷ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಕಟಿಂಗ್ ಶಾಪಿನಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುತ್ತಾರಲ್ಲ ಪಟಿಕ, ಅದೂ ಇದೇ ಕೆಲಸ ಮಾಡುತ್ತದೆ. ಆದರೆ ಉರಿಯುತ್ತದೆ, ಗುಂಡನ ಮುಂದೆ ನಾನಂತೂ ಅದನ್ನು ತೆಗೆಯುವುದಿಲ್ಲ.

ಕೂದಲು ಬಾಚುವುದಕ್ಕೂ ಇದೇ ಗದ್ದದ ಒಪ್ಪಂದ. ಸ್ಪಿಟ್ಜ್‌ಗೆ ಎರಡು ಪದರ ಕೂದಲು, ಒಳಗಿನ ಹತ್ತಿಯಂಥದ್ದು ಉದುರಿ ಕಿವಿಯ ಹಿಂದೆ, ಕಂಕುಳಲ್ಲಿ ಗಂಟು ಕಟ್ಟುತ್ತದೆ. ಗಂಟಿನ ಬುಡವನ್ನು ಬೆರಳಲ್ಲಿ ಒತ್ತಿ ಹಿಡಿದು ತುದಿಯಿಂದ ಬಿಡಿಸಿದರೆ ಚರ್ಮ ಜಗ್ಗುವುದಿಲ್ಲ. ಸ್ನಾನಕ್ಕೆ ಮುಂಚೆಯೇ ಬಿಡಿಸಿ, ಒದ್ದೆಯಾಗಿ ಒಣಗಿದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಕತ್ತರಿ ಬೇಡ, ಗಂಟಿನೊಳಗೆ ಚರ್ಮ ಎಲ್ಲಿ ಶುರುವಾಗುತ್ತದೆ ಅನ್ನುವುದು ಗೊತ್ತೇ ಆಗುವುದಿಲ್ಲ. ಬೇಸಿಗೆ ಬಂತು ಅಂತ ಪೂರ್ತಿ ಬೋಳಿಸುವವರಿದ್ದಾರೆ. ಈ ತಳಿಗಳಲ್ಲಿ ಕೆಲವು ಸಲ ಕೂದಲು ಮೊದಲಿನಂತೆ ವಾಪಸ್ ಬರುವುದಿಲ್ಲ.

ಈಗ ನಮ್ಮ ಲೆಕ್ಕ ದಿನಕ್ಕೆ ಎರಡು ಮೂರು ಉಗುರು. ಹಿಂದಿನ ಬಲಗಾಲಿಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ, ಅವತ್ತು ರಕ್ತ ಬಂದದ್ದು ಅದೇ ಕಾಲಿಗೆ. ಕಟರ್ ಈಗ ಪನೀರ್ ಡಬ್ಬಿಯ ಪಕ್ಕ ಅಡುಗೆಮನೆಯಲ್ಲಿರುತ್ತದೆ, ಅದನ್ನು ತೆಗೆದರೆ ಗುಂಡ ಬಾಲ ಅಲ್ಲಾಡಿಸುತ್ತಾ ಚಾಪೆಯ ಕಡೆ ನಡೆಯುತ್ತಾನೆ. ಹಾಲ್‌ನ ಡ್ರಾಯರ್ ಎಳೆದರೆ ಮಾತ್ರ ಇವತ್ತಿಗೂ ಮಂಚದ ಕೆಳಗೆ.