ಸ್ಲೈಡ್ ಓದಬೇಡಿ, ಗಾಳಿಯಂತ್ರ ತೋರಿಸಿ

ಚಿತ್ರದುರ್ಗದವರಿಗೆ 08194 ಐದು ಅಂಕಿಯಲ್ಲ, ಒಂದೇ ಗಂಟು: ನಮ್ಮೂರ ಎಸ್‌ಟಿಡಿ ಕೋಡ್. ಮುಂದಿನ ಆರು ಅಂಕಿಗಳನ್ನು ಡಯಲ್ ಮಾಡುವವರೆಗೆ ಬಾಯಲ್ಲಿ ಜಪಿಸಿಕೊಂಡರೆ ಸಾಕು. ಅದೇ ನಂಬರನ್ನು ಊರಿನ ಪರಿಚಯವಿಲ್ಲದವರಿಗೆ ಹೇಳಿ ನೋಡಿ, ಹನ್ನೊಂದು ಅಂಕಿಯನ್ನೂ ಬಿಡಿಬಿಡಿಯಾಗಿ ಹೊರಬೇಕು. ಅರ್ಧ ದಾರಿಯಲ್ಲೇ ಉದುರುತ್ತವೆ.

ಈ ಕ್ಷಣಕ್ಕೆ ಬೇಕಾದ್ದನ್ನು ಹಿಡಿದುಕೊಂಡು, ಅದರ ಮೇಲೆ ಯೋಚನೆಯನ್ನೂ ನಡೆಸುವ ಜಾಗವೇ ಕಾರ್ಯಸ್ಮೃತಿ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ತಕ್ಷಣದ ನೆನಪಿನ ಅಳತೆಯನ್ನು ಏಳು ಗಂಟು, ಹೆಚ್ಚೆಂದರೆ ಎರಡು ಆಚೀಚೆ ಎಂದಿದ್ದರು. ಜಪಿಸಲು, ಜೋಡಿಸಿಕೊಳ್ಳಲು ಅವಕಾಶವಿಲ್ಲದಿದ್ದರೆ ಅದು ಸುಮಾರು ನಾಲ್ಕು ಗಂಟಷ್ಟೇ ಎಂದು 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ ವಾದಿಸಿದರು. ತೊಂದರೆ ಇರುವುದು ಇಲ್ಲೇ: ತಿರುಗುವ ವೇಗ ಹೆಚ್ಚಿಸುವ, ಮೇಷ್ಟ್ರಿಗೆ ಒಂದೇ ಗಂಟಾಗಿರುವ ‘ಗೇರ್‌ಬಾಕ್ಸ್’ ಎಂಟನೇ ತರಗತಿಯ ಹುಡುಗಿಗೆ ನಾಲ್ಕೈದು ಬಿಡಿ ಸಂಗತಿ.

ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ದಿನಾ ಕಾಣುವ ಗಾಳಿಯಂತ್ರವನ್ನೇ ಪಾಠಕ್ಕೆ ತೆಗೆದುಕೊಳ್ಳೋಣ. ಸ್ಮಾರ್ಟ್ ಕ್ಲಾಸಿನ ಮಾಮೂಲಿ ಸ್ಲೈಡ್ ಹೀಗಿರುತ್ತದೆ: ಮೇಲೆ ಶೀರ್ಷಿಕೆ, ಎಡಕ್ಕೆ ಎಂಟು ಸಾಲಿನ ಪ್ಯಾರಾ, ಬಲಕ್ಕೆ ತಿರುಗುವ ಅನಿಮೇಷನ್, ಹಿಂದೆ ಕೊಳಲು. ಜೊತೆಗೆ ಆ ಎಂಟು ಸಾಲನ್ನು ಅಕ್ಷರ ಬಿಡದೆ ಓದುವ ದನಿ. ಕಣ್ಣಿಗೂ ಕಿವಿಗೂ ಒಂದನ್ನೇ ಕೊಟ್ಟರೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಆಗುವುದು ಉಲ್ಟಾ.

ಕಾರ್ಯಸ್ಮೃತಿಯಲ್ಲಿ ಮಾತಿಗೆ ಒಂದು ದಾರಿ, ಚಿತ್ರಕ್ಕೆ ಇನ್ನೊಂದು ಎಂಬುದು ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಕೊಟ್ಟ ಮಾದರಿಯ ತಿರುಳು. ಪರದೆಯ ಅಕ್ಷರ ಕಣ್ಣಿನಿಂದ ಒಳಬಂದರೂ ಓದುತ್ತಲೇ ಒಳದನಿಯಾಗಿ ಮಾತಿನ ದಾರಿಗೇ ನುಗ್ಗುತ್ತದೆ. ಓದು ಬಲ್ಲ ಮಗು ಮನಸ್ಸಿನಲ್ಲಿ ದನಿಗಿಂತ ಬೇಗ ಓದುತ್ತದೆ. ಮೂರನೇ ಸಾಲಿನ ಹೊತ್ತಿಗೆ ಒಳದನಿ ಮುಂದೆ, ಹೊರದನಿ ಹಿಂದೆ. ಎರಡನ್ನೂ ತಾಳೆ ಹಾಕುವುದರಲ್ಲೇ ಮಗು ದಣಿಯುತ್ತದೆ. ಇಷ್ಟರಲ್ಲಿ ಕಣ್ಣು ಪ್ಯಾರಾದಲ್ಲಿ ಸಿಕ್ಕಿಕೊಂಡಿದ್ದರಿಂದ ಅನಿಮೇಷನ್ ಯಾರೂ ನೋಡದೆ ಒಂದು ಸುತ್ತು ಮುಗಿಸಿರುತ್ತದೆ.

ಆದ್ದರಿಂದ ಮೊದಲ ಕೆಲಸ, ಪ್ಯಾರಾ ಅಳಿಸುವುದು. ದನಿ ಇರಲಿ, ಚಿತ್ರ ಇರಲಿ. ಪರದೆಯ ಮೇಲೆ ಉಳಿಯಬೇಕಾದ್ದು ಭಾಗಗಳ ಹೆಸರಷ್ಟೇ, ಅದೂ ಆಯಾ ಭಾಗಕ್ಕೆ ಅಂಟಿಕೊಂಡಂತೆ. ಚಿತ್ರದಲ್ಲಿ 1, 2, 3 ಎಂದು ಬರೆದು ಕೆಳಗೆ ‘1. ರೋಟರ್, 2. ಗೇರ್‌ಬಾಕ್ಸ್’ ಎಂದು ಪಟ್ಟಿ ಕೊಟ್ಟರೆ, ಮಗು ಅಂಕಿಯನ್ನು ತಲೆಯಲ್ಲಿಟ್ಟುಕೊಂಡು ಕೆಳಗಿಳಿಯಬೇಕು, ಹೆಸರು ಹುಡುಕಿ ಮತ್ತೆ ಹತ್ತಬೇಕು. ನಾಲ್ಕು ಗಂಟಿನ ಜಾಗದಲ್ಲಿ ಎರಡು ಈ ಓಡಾಟಕ್ಕೇ ಹೋಯಿತು. ಕೊಳಲು ತೆಗೆಯಿರಿ. ನಮ್ಮೂರೆಂಬ ಅಭಿಮಾನಕ್ಕೆ ಮೂಲೆಯಲ್ಲಿ ಅಂಟಿಸಿದ ಏಳುಸುತ್ತಿನ ಕೋಟೆಯನ್ನೂ, ಓಬವ್ವನ ಒನಕೆಯನ್ನೂ ತೆಗೆಯಿರಿ. ಪಾಪ, ಅವು ಚೆನ್ನಾಗಿರುವುದೇ ಇಲ್ಲಿನ ತಕರಾರು: ಗಮನ ಪಾಠ ಬಿಟ್ಟು ಅತ್ತ ಹೋಗುತ್ತದೆ.

ಅನಿಮೇಷನ್ನಿಗೆ ಇನ್ನೊಂದು ರೋಗವಿದೆ. ಪುಸ್ತಕದ ಚಿತ್ರ ಕಾಯುತ್ತದೆ, ವಿಡಿಯೊ ಕಾಯುವುದಿಲ್ಲ. ರೆಕ್ಕೆ ನಿಮಿಷಕ್ಕೆ 15 ಸುತ್ತು ತಿರುಗುತ್ತದೆ ಎಂಬುದನ್ನು ಹಿಡಿದಿಡುವಷ್ಟರಲ್ಲಿ ಜನರೇಟರ್‌ಗೆ 1500 ಸುತ್ತು ಬೇಕು ಎಂಬ ಮಾತು ಬಂದು ಮೊದಲನೆಯದನ್ನು ತಳ್ಳಿರುತ್ತದೆ. ಮದ್ದು, ತುಂಡರಿಸುವುದು. ಕಲಿಕೆಯ ಸಂಶೋಧಕರಾದ ರಿಚರ್ಡ್ ಮೇಯರ್ ಮತ್ತು ಪಾಲ್ ಚಾಂಡ್ಲರ್ 2001ರಲ್ಲಿ ಮಿಂಚು ಹುಟ್ಟುವ ಬಗೆಯನ್ನು ವಿವರಿಸುವ ಸುಮಾರು 140 ಸೆಕೆಂಡಿನ ಅನಿಮೇಷನ್ನನ್ನು 16 ತುಣುಕು ಮಾಡಿ, ಮುಂದಿನದಕ್ಕೆ ಹೋಗುವ ಗುಂಡಿಯನ್ನು ಕಲಿಯುವವರ ಕೈಗೇ ಕೊಟ್ಟರು. ತಡೆಯಿಲ್ಲದೆ ನೋಡಿದವರಿಗಿಂತ ಇವರು ಹೊಸ ಪ್ರಶ್ನೆಗಳಿಗೆ ಮೇಲಾಗಿ ಉತ್ತರಿಸಿದರು. ನಮ್ಮ ತರಗತಿಯಲ್ಲಿ ಪ್ರೊಜೆಕ್ಟರ್ ಒಂದೇ, ಗುಂಡಿ ಮೇಷ್ಟ್ರ ಕೈಯಲ್ಲಿ. ಹಾಗಾಗಿ ನಿಲುಗಡೆಯನ್ನು ವಿಡಿಯೊದೊಳಗೇ ಕೂರಿಸಿ: ಒಂದೆರಡು ವಾಕ್ಯಕ್ಕೊಂದು ನಿಲುಗಡೆ. ನಿಂತಾಗ ಪರದೆ ಕಪ್ಪಾಗಬಾರದು, ಕೊನೆಯ ಚಿತ್ರ ಹಾಗೇ ಇರಬೇಕು. ‘ಈಗ ಯಾವುದು ಯಾವುದನ್ನು ತಿರುಗಿಸುತ್ತಿದೆ?’ ಎಂದು ಕೇಳಿ, ಉತ್ತರ ಬಂದ ಮೇಲೆ ಮುಂದೆ.

ವಿಡಿಯೊಗೆ ಮೊದಲೇ ಹೆಸರುಗಳನ್ನು ಗಂಟು ಕಟ್ಟಿಕೊಡುವುದು ಇನ್ನೂ ಅಗ್ಗದ ಉಪಾಯ. ಅಂಗಳದಲ್ಲಿ ಸೈಕಲ್ ಇದ್ದೇ ಇರುತ್ತದೆ. ಪೆಡಲ್ಲಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಇದ್ದರೆ, ಪೆಡಲ್ ಒಂದು ಸುತ್ತಿಗೆ ಹಿಂಗಾಲಿ ಸುಮಾರು ಎರಡೂವರೆ ಸುತ್ತು. ಕೈಯಲ್ಲಿ ತಿರುಗಿಸಿ ಎಣಿಸಿದವರಿಗೆ ಗೇರ್‌ಬಾಕ್ಸ್ ಎಂದರೆ ಇದನ್ನೇ ನೂರು ಪಟ್ಟಿಗೆ ಒಯ್ಯುವ ಪೆಟ್ಟಿಗೆ, ಅಷ್ಟೇ. ಗೇರ್‌ಬಾಕ್ಸ್ ಇಲ್ಲದ ಗಾಳಿಯಂತ್ರಗಳೂ ಇವೆ. ಆ ಮಾತು ಎರಡನೇ ವಿಡಿಯೊಗೆ.

ಇದೇ ಪಾಠವನ್ನು ದಾವಣಗೆರೆಯ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಹೀಗೇ ತೋರಿಸಿದರೆ ಆಕಳಿಸುತ್ತಾರೆ. ಗೊತ್ತಿದ್ದವರಿಗೆ ಭಾಗಗಳ ಹೆಸರು, ನಿಲುಗಡೆ, ವಿವರಣೆ ಎಲ್ಲವೂ ಹೊರೆಯೇ. ಇಂಗ್ಲಿಷ್ ದನಿಯ ವಿಡಿಯೊವನ್ನು ಕನ್ನಡ ಮಾಧ್ಯಮದವರಿಗೆ ಹಾಕುವುದಾದರೆ ಪರದೆಯ ಅಕ್ಷರಗಳು ನೆರವಿಗೆ ಬರುವುದೂ ಉಂಟು. ಅಲ್ಲಿ ಅಳಿಸಬೇಡಿ.

ಪಾಠ ತಯಾರಾಯಿತೇ ಎಂದು ತಿಳಿಯಲು ಇಬ್ಬರು ವಿದ್ಯಾರ್ಥಿಗಳಿಗೆ ಒಮ್ಮೆ ತೋರಿಸಿ, ಪ್ರೊಜೆಕ್ಟರ್ ಆರಿಸಿ, ಖಾಲಿ ಹಾಳೆಯ ಮೇಲೆ ಗಾಳಿಯಿಂದ ವಿದ್ಯುತ್ ತಂತಿಯವರೆಗೆ ಬಾಣ ಎಳೆಯಲು ಹೇಳಿ. ಇಬ್ಬರ ಬಾಣವೂ ಒಂದೇ ಕಡೆ ನಿಂತುಹೋಗಿದ್ದರೆ ವಿಡಿಯೊ ತೆರೆದು ಆ ಜಾಗದಲ್ಲಿ ಇನ್ನೊಂದು ನಿಲುಗಡೆ ಹಾಕಿ.