50 ಮೈಲಿ ವೇಗದ ನಡುಕ: ಎಂಜಿನ್ನಿನ ಮಿಸ್ಸಿಂಗೋ, ಗೇರ್‌ಬಾಕ್ಸಿನ ದೋಷವೋ?

ಅಮೆರಿಕದ ಹಳೆಯ ಪೆಟ್ರೋಲ್ ಪಿಕಪ್ ಟ್ರಕ್ಕುಗಳ ಒಡೆಯರು ನಮ್ಮ ಗ್ಯಾರೇಜಿಗೆ ತರುವ ದೂರುಗಳಲ್ಲಿ ಒಂದಂತೂ ಯಾರ ಬಾಯಲ್ಲಿ ಬಂದರೂ ಒಂದೇ ಬಗೆಯಲ್ಲಿ ಬರುತ್ತದೆ. ಗಂಟೆಗೆ 45–50 ಮೈಲಿ, ಅಂದರೆ ಸುಮಾರು 70–80 ಕಿಲೋಮೀಟರ್ ವೇಗದಲ್ಲಿ, ಸಣ್ಣ ಏರಿನಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಹಿಡಿದಾಗ ಗಾಡಿ ಗಡಗಡ ನಡುಗುತ್ತದೆ. ಕಾಲು ತೆಗೆದರೂ ನಡುಕ ನಿಲ್ಲುತ್ತದೆ, ಗೇರು ಕೆಳಗಿಳಿಯುವಷ್ಟು ಜೋರಾಗಿ ಒತ್ತಿದರೂ ನಿಲ್ಲುತ್ತದೆ. ಊರಿನ ಲಾರಿಗಳಲ್ಲಿ ಈ ಗೊಂದಲ ಹುಟ್ಟುವುದೇ ಅಪರೂಪ. ಅಲ್ಲಿನ ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ಚಾದರೋ ಚಾಲಕನ ಕಾಲಡಿಯಲ್ಲೇ ಇರುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ಚಿನ ಕೆಲಸವನ್ನು ಕಂಪ್ಯೂಟರು ಕಣ್ಣಿಗೆ ಕಾಣದಂತೆ ಮಾಡುವುದರಿಂದ, ನಡುಕ ಎಲ್ಲಿಂದ ಬಂತೆಂಬುದನ್ನು ಅನುಭವಿಯೂ ತಪ್ಪಾಗಿ ಊಹಿಸಬಹುದು.

ಕಳೆದ ಚಳಿಗಾಲದಲ್ಲಿ ಡಲ್ಲಾಸಿನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು 2006ರ ಮಾದರಿಯ ಒಂದು ವಿ8 ಪಿಕಪ್ಪನ್ನು ತಂದರು. ಬೇರೊಂದು ಗ್ಯಾರೇಜಿನವರು ಗೇರ್‌ಬಾಕ್ಸನ್ನೇ ಬದಲಿಸಬೇಕೆಂದು ಅಂದಾಜು ಪಟ್ಟಿ ಬರೆದುಕೊಟ್ಟಿದ್ದರು. "ಸರ್, ಬ್ರೇಕ್ ಮುಟ್ಟಿದ ತಕ್ಷಣ ನಡುಕ ನಿಲ್ಲುತ್ತೆ, ಹಾಗಾಗಿ ಗೇರ್‌ಬಾಕ್ಸೇ ಹೋಗಿದೆ ಅಂತಾರೆ, ನೀವೂ ಒಂದ್ಸಲ ನೋಡಿಬಿಡಿ" ಎಂದರು. ಈ ಬ್ರೇಕ್ ಪರೀಕ್ಷೆ ನಮ್ಮ ವೃತ್ತಿಯಲ್ಲಿ ತಲೆಮಾರುಗಳಿಂದ ನಡೆದುಬಂದದ್ದು. ಅದು ಸುಳ್ಳಲ್ಲ, ಆದರೆ ಅದೊಂದನ್ನೇ ನಂಬಿ ತೀರ್ಪು ಕೊಡುವುದು ತಪ್ಪು. ಏಕೆ ತಪ್ಪು ಎಂಬುದಕ್ಕಾಗಿಯೇ ಈ ಅಂಕಣ.

ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಟಾರ್ಕ್ ಕನ್ವರ್ಟರ್ ಎಂಬ, ಆಯಿಲ್ ತುಂಬಿದ ದುಂಡನೆಯ ಡಬ್ಬಿಯಿದೆ. ಸಾಮಾನ್ಯವಾಗಿ ಎಂಜಿನ್ನಿನ ಬಲ ಈ ಆಯಿಲ್ ಮೂಲಕವೇ ದಾಟುವುದರಿಂದ ಸಣ್ಣಪುಟ್ಟ ಏಟುಗಳೆಲ್ಲ ಅಲ್ಲೇ ಕರಗಿಹೋಗುತ್ತವೆ. ಗಾಡಿ ಒಂದೇ ವೇಗದಲ್ಲಿ ಓಡತೊಡಗಿದಾಗ ಇಂಧನ ಉಳಿಸಲೆಂದು ಕಂಪ್ಯೂಟರು ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ಚನ್ನು ಬಿಗಿಸುತ್ತದೆ. ಆಗ ಎಂಜಿನ್ನೂ ಗೇರ್‌ಬಾಕ್ಸೂ ನೇರವಾಗಿ ಕಚ್ಚಿಕೊಳ್ಳುತ್ತವೆ. ಫೋರ್ಡ್ ಎಫ್-150ಯ 2004ರಿಂದ 2008ರವರೆಗಿನ ಮಾದರಿಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವುಗಳಲ್ಲಿ 5.4 ಲೀಟರಿನ ವಿ8 ಎಂಜಿನ್ನಿಗೆ 4ಆರ್75ಇ ಎಂಬ ನಾಲ್ಕು ಗೇರಿನ ಆಟೋಮ್ಯಾಟಿಕ್ ಜೋಡಿಯಾಗಿತ್ತು. ನಾಲ್ಕನೆಯ ಗೇರಿನ ಅನುಪಾತ 0.70, ಅಂದರೆ ಹೊರಶಾಫ್ಟಿನ ಒಂದು ಸುತ್ತಿಗೆ ಎಂಜಿನ್ನಿನದು 0.70 ಸುತ್ತು ಆದ್ದರಿಂದ ಲಾಕಪ್ ಬಿದ್ದ ಮೇಲೆ 50 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1,400 ಸುತ್ತು ಮಾತ್ರ ತಿರುಗುತ್ತದೆ. ಅಷ್ಟು ಕಡಿಮೆ ಸುತ್ತಿನಲ್ಲಿ ಎರಡು ಟನ್ನಿಗೂ ಮಿಕ್ಕ ಗಾಡಿಯನ್ನು ಏರಿಗೆ ಎಳೆಯಬೇಕಾದರೆ ಸಿಲಿಂಡರಿನೊಳಗಿನ ಒತ್ತಡ ಏರಲೇಬೇಕು. ಒತ್ತಡ ಏರಿದಷ್ಟೂ ಪ್ಲಗ್ಗಿನ ಸಂದಿಯನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜು ಬೇಕು. ಆ ವೋಲ್ಟೇಜು ಹುಟ್ಟಿಸುವ ಕಾಯಿಲು ಸೊರಗಿದ್ದರೆ, ಇಲ್ಲವೇ ಅದನ್ನು ಪ್ಲಗ್ಗಿಗೆ ಜೋಡಿಸುವ ರಬ್ಬರ್ ಕವಚ, ಅಂದರೆ ಬೂಟು, ಹಳತಾಗಿದ್ದರೆ, ವಿದ್ಯುತ್ತು ಪ್ಲಗ್ಗಿನ ತುದಿಗೆ ಹೋಗದೆ ಪಕ್ಕದ ಲೋಹಕ್ಕೆ ಜಿಗಿದುಬಿಡುತ್ತದೆ, ಆ ಸಿಲಿಂಡರು ಮಿಸ್ ಹೊಡೆಯುತ್ತದೆ, ಅಂದರೆ ತನ್ನ ಸರದಿಯಲ್ಲಿ ಉರಿಯುವುದಿಲ್ಲ. ಮಿಸ್ಸಿಂಗ್ ಹುಟ್ಟುವುದೂ, ಅದರ ಏಟನ್ನು ಹೀರುವ ಆಯಿಲಿನ ಮೆತ್ತೆ ಇಲ್ಲವಾಗುವುದೂ ಒಂದೇ ಗಳಿಗೆಯಲ್ಲಿ ಕೂಡಿಬರುತ್ತವೆ. ಲಾಕಪ್ ಕ್ಲಚ್ಚೇ ಸವೆದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿದ್ದರೆ ಅದರ ನಡುಕವೂ ಇದೇ ಗಳಿಗೆಯದು.

ಈಗ ಬ್ರೇಕ್ ಪರೀಕ್ಷೆಗೆ ಬರೋಣ. ನಡುಕದ ಮಧ್ಯೆ ಎಡಗಾಲಿನಿಂದ ಬ್ರೇಕನ್ನು ತುಸುವೇ ಮುಟ್ಟಿದರೆ ಕಂಪ್ಯೂಟರು ಲಾಕಪ್ಪನ್ನು ಬಿಡಿಸುತ್ತದೆ. ಕ್ಲಚ್ಚಿನದೇ ದೋಷವಾಗಿದ್ದರೆ ನಡುಕ ನಿಲ್ಲುವುದು ಸಹಜ. ಆದರೆ ಲಾಕಪ್ ಬಿಟ್ಟೊಡನೆ ಎಂಜಿನ್ನಿನ ಸುತ್ತು ಇನ್ನೂರು ಮುನ್ನೂರು ಏರುತ್ತದೆ, ಸಿಲಿಂಡರಿನ ಮೇಲಿನ ಭಾರ ಇಳಿಯುತ್ತದೆ, ಸೊರಗಿದ ಕಾಯಿಲಿಗೂ ಉಸಿರಾಡಲು ಬಿಡುವು ಸಿಗುತ್ತದೆ. ಇಷ್ಟಾಗಿಯೂ ಉಳಿದ ಮಿಸ್ಸಿಂಗನ್ನು ಕನ್ವರ್ಟರಿನ ಆಯಿಲು ನುಂಗಿಹಾಕುತ್ತದೆ. ಹೀಗೆ ಎರಡು ದೋಷಗಳಿಗೂ ಒಂದೇ ಉತ್ತರ ಕೊಡುವ ಪರೀಕ್ಷೆಯನ್ನು ಸಾಕ್ಷಿಯೆಂದು ಹೇಗೆ ಒಪ್ಪುವುದು? ಬ್ರೇಕ್ ಮುಟ್ಟಿದರೂ ನಡುಕ ನಿಲ್ಲದಿದ್ದರೆ ಮಾತ್ರ ಅದು ಒಂದು ಸುಳಿವು ಕೊಡುತ್ತದೆ: ದೋಷ ಲಾಕಪ್ಪಿನದಲ್ಲ.

ಬೇಕಾಗಿರುವುದು ಲಾಕಪ್ ಇಲ್ಲದೆಯೇ ಎಂಜಿನ್ನಿನ ಮೇಲೆ ಭಾರ ಹೇರುವ ಪರೀಕ್ಷೆ. ನಾನು ಆ ಗಾಡಿಯನ್ನು ಬಿಸಿಯಾಗುವವರೆಗೆ ಓಡಿಸಿ, ಗೇರ್ ಲಿವರನ್ನು ಎರಡಕ್ಕೆ ಇಳಿಸಿ, ಗಂಟೆಗೆ 30 ಮೈಲಿ ವೇಗದಲ್ಲಿ ಫ್ಲೈಓವರಿನ ಏರಿಗೆ ಹಿಡಿದು ಆಕ್ಸಿಲರೇಟರನ್ನು ನಿಧಾನವಾಗಿ ಮುಕ್ಕಾಲು ಭಾಗದವರೆಗೆ ಒತ್ತುತ್ತ ಹೋದೆ. ಗಾಡಿಯ ಕಂಪ್ಯೂಟರಿನ ಲೆಕ್ಕವನ್ನು ಓದುವ ಸ್ಕ್ಯಾನರ್ ನೋಡಲು ಪಕ್ಕದಲ್ಲೊಬ್ಬರು ಕೂತಿರಬೇಕು. ಓಡಿಸುವವನೇ ಪರದೆ ನೋಡುವುದು ಅಪಾಯ. ಲಾಕಪ್ ಬಿದ್ದಿರಲಿಲ್ಲ, ಆದರೂ ಸೀಟಿನಡಿ ಅದೇ ಕುಟ್ಟುವಿಕೆ ಮಂದವಾಗಿ ಬರತೊಡಗಿತು. ಇಲ್ಲಿಗೆ ನನ್ನ ಸಂಶಯ ಎಂಜಿನ್ನಿನ ಕಡೆ ವಾಲಿತು.

ಸ್ಕ್ಯಾನರಿನಲ್ಲಿ ದೋಷ ಸೂಚಿಸುವ ಒಂದು ಕೋಡೂ ಇರಲಿಲ್ಲ, ಚೆಕ್ ಎಂಜಿನ್ ದೀಪವೂ ಉರಿದಿರಲಿಲ್ಲ. ಗೇರ್‌ಬಾಕ್ಸಿಗೆ ದೋಷ ಹೊರಿಸಲು ಹಿಂದಿನ ಗ್ಯಾರೇಜಿನವರಿಗೆ ಇದೂ ಒಂದು ಕಾರಣವಾಗಿತ್ತಂತೆ. ಅಮೆರಿಕದಲ್ಲಿ 1996ರ ಮಾದರಿಯಿಂದ ಕಡ್ಡಾಯವಾದ ಒಬಿಡಿ-2 ಎಂಬ ದೋಷಪತ್ತೆ ವ್ಯವಸ್ಥೆಯಲ್ಲಿ ಕಂಪ್ಯೂಟರು ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್ ಶಾಫ್ಟ್ ತಿರುಗುವ ವೇಗದ ಏರಿಳಿತವನ್ನು ಅಳೆದು ಮಿಸ್ಸಿಂಗನ್ನು ಪತ್ತೆಹಚ್ಚುತ್ತದೆ. ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಧಕ್ಕೆಯಾಗುವಷ್ಟು ಮಿಸ್ಸಿಂಗ್ ಇದೆಯೇ ಎಂದು ಪ್ರತಿ 200 ಸುತ್ತಿಗೊಮ್ಮೆ, ಹೊಗೆಯ ಮಿತಿ ಮೀರುವಷ್ಟಿದೆಯೇ ಎಂದು ಪ್ರತಿ 1,000 ಸುತ್ತಿಗೊಮ್ಮೆ ಅದು ಲೆಕ್ಕ ಹಾಕುತ್ತದೆ. ಮೊದಲನೆಯದು ಮಿತಿ ಮೀರಿದರೆ ದೀಪ ಮಿಣುಕುತ್ತದೆ. ಆಗ ಗಾಡಿಯನ್ನು ದುಡಿಸಬಾರದು. ಮಿತಿಯೊಳಗಿನ ಮಿಸ್ಸಿಂಗಿಗೆ ಕೋಡು ಬೀಳುವುದೇ ಇಲ್ಲ, ಆದರೆ ಎಣಿಕೆ ಉಳಿದಿರುತ್ತದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ಕ್ಯಾನ್ ಜಾಲವಿರುವ ಗಾಡಿಗಳಲ್ಲಿ ಸ್ಕ್ಯಾನರಿನ ಮೋಡ್ 6ಕ್ಕೆ, ಅಂದರೆ ಪರೀಕ್ಷಾ ಫಲಿತಾಂಶಗಳ ವಿಭಾಗಕ್ಕೆ, ಹೋಗಿ ಎ2ರಿಂದ ಎ9ರವರೆಗಿನ ಸಾಲುಗಳನ್ನು ತೆರೆದರೆ ಒಂದರಿಂದ ಎಂಟನೆಯ ಸಿಲಿಂಡರಿನವರೆಗೆ ಪ್ರತಿಯೊಂದರ ಎಣಿಕೆಯೂ ಕಾಣಸಿಗುತ್ತದೆ: ಒಂದು ಈಗಿನ ಓಟದ್ದು, ಇನ್ನೊಂದು ಕಳೆದ ಹತ್ತು ಓಟಗಳ ಸರಾಸರಿ. ಆ ಗಾಡಿಯಲ್ಲಿ ಏಳು ಸಿಲಿಂಡರುಗಳ ಎದುರು ಸೊನ್ನೆಯೋ ಒಂದೋ ಎರಡೋ ಇದ್ದರೆ ನಾಲ್ಕನೆಯದರ ಎದುರು ನೂರಕ್ಕೂ ಮಿಕ್ಕ ಸಂಖ್ಯೆಯಿತ್ತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಯಾವ ಸಿಲಿಂಡರೆಂದು ಹೇಳದ ಪಿ0300 ಕೋಡೊಂದೇ ಬಂದಿದ್ದರೆ ಎಂಜಿನ್ನನ್ನು ಅಪರಾಧಿಯೆನ್ನಲಾಗದು. ಲಾಕಪ್ ಕ್ಲಚ್ಚಿನ ನಡುಕವೂ ಕ್ರ್ಯಾಂಕ್ ಶಾಫ್ಟಿನ ವೇಗವನ್ನು ಕದಡಬಲ್ಲದು, ಕಂಪ್ಯೂಟರು ಅದನ್ನೇ ಮಿಸ್ಸಿಂಗೆಂದು ಭ್ರಮಿಸಬಲ್ಲದು. ಆಗ ಎಣಿಕೆ ಎಲ್ಲ ಸಿಲಿಂಡರುಗಳಿಗೂ ಚೆದುರಿ ಬೀಳುತ್ತದೆ. ಒಂದೇ ಸಿಲಿಂಡರಿಗೆ ಗಂಟುಬೀಳುವುದಿಲ್ಲ. ಗೇರ್‌ಬಾಕ್ಸಿನ ಪಾಲನ್ನು ಅರಿಯಲು ಟಾರ್ಕ್ ಕನ್ವರ್ಟರಿನ ಸ್ಲಿಪ್ಪನ್ನು, ಅಂದರೆ ಎಂಜಿನ್ನಿನ ಸುತ್ತಿಗೂ ಗೇರ್‌ಬಾಕ್ಸಿನ ಒಳಶಾಫ್ಟಿನ ಸುತ್ತಿಗೂ ಇರುವ ಅಂತರವನ್ನು ನೋಡಬೇಕು. 4ಆರ್75ಇಯಲ್ಲಿ ಒಳಶಾಫ್ಟಿನ ಸುತ್ತನ್ನು ಅಳೆಯಲೆಂದೇ ಟರ್ಬೈನ್ ಸೆನ್ಸರಿದೆ. ಲಾಕಪ್ ಪೂರ್ತಿ ಬಿದ್ದ ಮೇಲೂ ನಡುಕದ ತಾಳಕ್ಕೆ ಸರಿಯಾಗಿ ಈ ಅಂತರ ಹತ್ತಾರು ಸುತ್ತು ಏರಿಳಿಯುತ್ತಿದ್ದರೆ ಕ್ಲಚ್ಚು ಜಾರುತ್ತಿದೆಯೆಂದೇ ಅರ್ಥ. ಅಂತರ ಸೊನ್ನೆಯ ಆಸುಪಾಸಿನಲ್ಲಿ ನಿಂತಿದ್ದು ಗಾಡಿ ಮಾತ್ರ ನಡುಗುತ್ತಿದ್ದರೆ ಗೇರ್‌ಬಾಕ್ಸ್ ನಿರಪರಾಧಿ. ನಮ್ಮ ಗಾಡಿಯಲ್ಲಿ ಅದು ಅಲುಗಿರಲಿಲ್ಲ.

ನಾಲ್ಕನೆಯ ಸಿಲಿಂಡರಿನ ಕಾಯಿಲನ್ನು ಕಿತ್ತು ಟಾರ್ಚ್ ಹಿಡಿದಾಗ ಮೇಲ್ನೋಟಕ್ಕೆ ಏನೂ ಕಾಣಲಿಲ್ಲ. ಬೂಟನ್ನು ಬೆರಳಲ್ಲಿ ಹಿಂಡಿದ ಮೇಲೆ ರಬ್ಬರಿನ ಒಳಮೈಯಲ್ಲಿ ಕೂದಲೆಳೆಯಷ್ಟು ಸೀಳೊಂದು ಬಾಯಿಬಿಟ್ಟಿತು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಅದಕ್ಕೆ ಎದುರಾಗಿಯೇ, ಕಾಡಿಗೆಯ ಕಡ್ಡಿಯಿಂದ ಎಳೆದಂತೆ, ಸಣ್ಣ ಕರಿಗೆರೆ. ವಿದ್ಯುತ್ತು ಓಡಿಹೋಗುತ್ತಿದ್ದ ದಾರಿ ಅದು. ಗೆರೆ ಬಿದ್ದ ಪ್ಲಗ್ಗನ್ನು ಉಳಿಸಿಕೊಂಡು ಬೂಟನ್ನಷ್ಟೇ ಬದಲಿಸಿದರೆ ದೋಷ ಕೆಲವೇ ದಿನಗಳಲ್ಲಿ ಮರಳುತ್ತದೆ, ಹೀಗಾಗಿ ಎರಡನ್ನೂ ಬದಲಿಸಬೇಕು. ಪ್ರತಿ ಸಿಲಿಂಡರಿಗೂ ಮೂರು ವಾಲ್ವಿರುವ 5.4 ಎಂಜಿನ್ನಿನಲ್ಲಿ ಈ ಕೆಲಸಕ್ಕೆ ತಾಳ್ಮೆ ಬೇಕು. ಅದರ ಮೊದಲ ವರ್ಷಗಳ ಪ್ಲಗ್ಗುಗಳು ಎರಡು ತುಂಡಿನವು. ಮಸಿ ಕಟ್ಟಿಕೊಂಡು ಕೆಳತುಂಡು ಒಳಗೇ ಮುರಿದು ಉಳಿಯುವುದು ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ಸಡಿಲಿಸಿ, ಮಸಿ ಕರಗಿಸುವ ದ್ರಾವಣ ಬಿಟ್ಟು ಕಾದು, ಹಿಂದೆ ಮುಂದೆ ತಿರುಗಿಸುತ್ತ ಬಿಡಿಸಬೇಕು.

ಸ್ಲಿಪ್ ಅಲುಗಾಡಿ ದೋಷ ಲಾಕಪ್ ಕ್ಲಚ್ಚಿನದೇ ಎಂದಾದರೂ ಗೇರ್‌ಬಾಕ್ಸನ್ನು ತಕ್ಷಣ ಬಿಚ್ಚಬೇಕಾಗಿಲ್ಲ. ಆಯಿಲಿನಲ್ಲಿ ಘರ್ಷಣೆಯನ್ನು ಹದವಾಗಿಡುವ ರಾಸಾಯನಿಕಗಳು ಕಾಲಕ್ರಮೇಣ ಸತ್ವ ಕಳೆದುಕೊಳ್ಳುವುದರಿಂದಲೇ ಎಷ್ಟೋ ಗಾಡಿಗಳಲ್ಲಿ ಈ ನಡುಕ ಹುಟ್ಟುತ್ತದೆ, ಮತ್ತು ಸರಿಯಾದ ಆಯಿಲು ಹಾಕಿದರೆ ಶಮನವಾಗುತ್ತದೆ. 4ಆರ್75ಇಗೆ ಮರ್ಕಾನ್ 5 ಬೇಕು. ಹೆಸರಿನ ಹೋಲಿಕೆ ನೋಡಿ ಮರ್ಕಾನ್ ಎಲ್‌ವಿ ಹಾಕಬಾರದು. ತಳದ ಆಯಿಲ್ ತಟ್ಟೆಯಾದ ಪ್ಯಾನ್ ಇಳಿಸಿದಾಗ ಬರುವುದು ಒಟ್ಟು ಆಯಿಲಿನ ಅರ್ಧಕ್ಕಿಂತ ಕಡಿಮೆ, ಉಳಿದದ್ದು ಕನ್ವರ್ಟರಿನಲ್ಲೂ ಕೂಲರ್ ಪೈಪಿನಲ್ಲೂ ನಿಂತಿರುತ್ತದೆ. ಒಮ್ಮೆ ಬದಲಿಸಿ ಫಲ ಕಾಣಲಿಲ್ಲವೆಂದು ನಿರಾಶರಾಗುವವರು ಇದನ್ನು ಗಮನಿಸಿರುವುದಿಲ್ಲ. ಪ್ಯಾನಿನ ತಳದಲ್ಲಿ ಲೋಹದ ಚೂರು ಸಿಕ್ಕರೆ, ಆಯಿಲು ಸುಟ್ಟ ವಾಸನೆ ಹೊಡೆದರೆ, ಡ್ರೈವಿಗೆ ಹಾಕಿ ಸೆಕೆಂಡುಗಟ್ಟಲೆ ಕಳೆದ ಮೇಲೆ ಗಾಡಿ ಹೊರಟರೆ, ಗೇರು ಬದಲಾಗುವಾಗ ವೇಗ ಏರದೆ ಎಂಜಿನ್ ಮಾತ್ರ ಕೂಗಿದರೆ ಮಾತು ಬೇರೆ. ಅದಕ್ಕೆ ಆಯಿಲಿನ ಚಿಕಿತ್ಸೆ ಸಾಲದು.

ಮೂರನೆಯ ಶಂಕಿತನೂ ಒಬ್ಬನಿದ್ದಾನೆ: ಬಲವನ್ನು ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಮತ್ತು ಅದರ ಬಾಗುವ ಕೀಲಾದ ಕ್ರಾಸು. ಎಂಜಿನ್ನಿನ ಮಿಸ್ಸಿಂಗನ್ನೂ ಈ ಶಾಫ್ಟನ್ನೂ ಕಂಪನದ ಲೆಕ್ಕದಲ್ಲಿ ಬೇರ್ಪಡಿಸಬಹುದು. ಒಂದು ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುವುದರಿಂದ 1,400 ಸುತ್ತಿನಲ್ಲಿ ಅದರ ಏಟು ಸೆಕೆಂಡಿಗೆ ಸುಮಾರು 12. ಅದೇ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ಪ್ರೊಪೆಲ್ಲರ್ ಶಾಫ್ಟು ನಿಮಿಷಕ್ಕೆ 2,000 ಸುತ್ತು ತಿರುಗುವುದರಿಂದ ಅದರ ಕಂಪನ ಸೆಕೆಂಡಿಗೆ 33. ಮೊದಲನೆಯದು ಕುಟ್ಟಿದಂತಿದ್ದರೆ ಎರಡನೆಯದು ಗುಂಯ್ಗುಟ್ಟಿದಂತೆ. ಖಾಲಿ ರಸ್ತೆಯಲ್ಲಿ ಅದೇ ವೇಗಕ್ಕೆ ತಂದು ನ್ಯೂಟ್ರಲ್ ಮಾಡಿದಾಗಲೂ ಉಳಿಯುವ ಕಂಪನಕ್ಕೆ ಎಂಜಿನ್ನಾಗಲಿ ಲಾಕಪ್ಪಾಗಲಿ ಹೊಣೆಯಲ್ಲ.

ಆ ಕನ್ನಡಿಗರ ಗಾಡಿಗೆ ಒಂದು ಕಾಯಿಲನ್ನೂ ಎಂಟು ಪ್ಲಗ್ಗು ಮತ್ತು ಬೂಟುಗಳನ್ನೂ ಹಾಕಿ, ಅದೇ ಫ್ಲೈಓವರಿನ ಮೇಲೆ ಎರಡನೆಯ ಗೇರಿನಲ್ಲೊಮ್ಮೆ, ಲಾಕಪ್ ಬಿದ್ದ ನಾಲ್ಕನೆಯ ಗೇರಿನಲ್ಲೊಮ್ಮೆ ಓಡಿಸಿದೆವು. ನಾಲ್ಕನೆಯ ಸಿಲಿಂಡರಿನ ಈಗಿನ ಓಟದ ಎಣಿಕೆ ಸೊನ್ನೆಯಲ್ಲೇ ನಿಂತಿತು. ಹತ್ತು ಓಟಗಳ ಸರಾಸರಿ ಮಾತ್ರ ಒಂದೇ ದಿನದಲ್ಲಿ ಇಳಿಯುವುದಿಲ್ಲವಾದ್ದರಿಂದ, ಎರಡು ವಾರ ಬಿಟ್ಟು ಮತ್ತೊಮ್ಮೆ ಸ್ಕ್ಯಾನರ್ ಹಾಕಿಸಿಕೊಳ್ಳಲು ಹೇಳಿ ಕಳಿಸಿದೆ.