ಕ್ಯಾಲೆಂಡರ್ ನೋಡಬೇಕೋ, ಬೇರಿಂಗ್ ನೋಡಬೇಕೋ?

ಸಿಂಧನೂರು ಕಡೆಯ ಒಂದು ಅಕ್ಕಿ ಮಿಲ್‌ನಲ್ಲಿ ಕೆಲವು ವರ್ಷ ನಾನು ಮೆಂಟೆನೆನ್ಸ್ ನೋಡಿಕೊಂಡಿದ್ದೆ. ಸುಗ್ಗಿಗೆ ಮುಂಚೆ, ದೀಪಾವಳಿ ಹೊತ್ತಿಗೆ, ಮಿಲ್ ನಿಲ್ಲಿಸಿ ಎಲ್ಲ ಬೇರಿಂಗ್ ಬದಲಾಯಿಸುವುದು ಅಲ್ಲಿನ ಪದ್ಧತಿ. ಒಂದು ವರ್ಷ, ಭತ್ತ ಒಣಗಿಸುವ ಡ್ರೈಯರಿಗೆ ಗಾಳಿ ಊದುವ ಬ್ಲೋವರಿನ ಬೇರಿಂಗ್ ತೆಗೆದೆವು. ಕೈಯಲ್ಲಿ ತಿರುಗಿಸಿದರೆ ಒಂಚೂರೂ ಸದ್ದಿಲ್ಲದೆ ತಿರುಗುತ್ತಿತ್ತು. ಆದರೂ ಪಟ್ಟಿಯಲ್ಲಿತ್ತಲ್ಲ, ಎಸೆದೆವು. ಹೊಸದನ್ನು ಶಾಫ್ಟಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದೆವು. ಅದು ಬಾಳಿದ್ದು ಮೂರೇ ವಾರ. ಭತ್ತದ ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆವರೆಗೆ ಸಾಲು ನಿಂತಿದ್ದ ರಾತ್ರಿ ಬ್ಲೋವರ್ ಜಾಮ್ ಆಯಿತು. ಸ್ಟೀಮ್ ಕೊಟ್ಟ ಭತ್ತ ಡ್ರೈಯರಿನಲ್ಲೇ ನಿಂತು ಬಣ್ಣ ಕೆಟ್ಟಿತು.

ಮಿಲ್‌ನ ಹಳೆಯ ಫಿಟ್ಟರ್ ಕಾಕಾ ಬಂದು ನೋಡಿ ಒಂದೇ ಮಾತು ಕೇಳಿದರು: "ಚಲೋ ನಡೀತಿದ್ದದ್ದನ್ನ ಯಾಕ ಬಿಚ್ಚಿದ್ರಿ? ಅದೇನು ಹೊಟ್ಟಿ ನೋಯ್ತದ ಅಂದಿತ್ತೇನು?"

ಇದೇ ಪ್ರಶ್ನೆ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲೂ ಎದ್ದಿತ್ತು. ಜರ್ಮನಿಯ ಸಬ್‌ಮೆರೀನ್‌ಗಳನ್ನು ಬೇಟೆಯಾಡುವ ವಿಮಾನಗಳನ್ನು 50 ಗಂಟೆ ಹಾರಾಟಕ್ಕೊಮ್ಮೆ ಬಿಚ್ಚಿ ತಪಾಸಣೆ ಮಾಡುತ್ತಿದ್ದರು. ಸಿ.ಎಚ್. ವಾಡಿಂಗ್ಟನ್ ಎಂಬ ಜೀವವಿಜ್ಞಾನಿ ಮತ್ತು ಜೊತೆಗಾರರು ರಿಪೇರಿಯ ಲೆಕ್ಕ ಹಿಡಿದು ಕೂತರು. ತಪಾಸಣೆ ಆದ ಕೂಡಲೇ ಕೆಡುವುದು ಜಾಸ್ತಿ. ಹಾರುತ್ತ ಹೋದಂತೆ ಕಡಿಮೆ. ಮತ್ತೆ 50 ಗಂಟೆಗೆ ಬಿಚ್ಚಿದರೆ ಮತ್ತೆ ಜಾಸ್ತಿ! ಬಿಚ್ಚಿ ಜೋಡಿಸುವಾಗಲೇ ತಪ್ಪು ಒಳಗೆ ಹೋಗುತ್ತಿತ್ತು, ನಮ್ಮ ಬ್ಲೋವರಿನ ಹಾಗೆ. ಈ ಲೆಕ್ಕ ಪುಸ್ತಕವಾಗಿ ಹೊರಬಂದದ್ದು 1973ರಲ್ಲಿ. ಅಷ್ಟರಲ್ಲಿ ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ತಾರೀಖು ನೋಡಿ ಬಿಚ್ಚುವ ಪದ್ಧತಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಕೂರಲು ಕಾರಣವೂ ಇತ್ತು. ಅದಕ್ಕೆ ಮೊದಲು ಇದ್ದದ್ದು ಕೆಟ್ಟ ಮೇಲೆ ರಿಪೇರಿ. ಅದಕ್ಕಿಂತ ಇದು ಮೇಲು ಅಲ್ವಾ? ತೊಂದರೆ ಏನೆಂದರೆ, ಎಲ್ಲ ಯಂತ್ರಭಾಗವೂ ವಯಸ್ಸಾಗಿ ಕೆಡುತ್ತದೆ ಎಂಬ ನಂಬಿಕೆ. ಬೇರಿಂಗನ್ನೇ ನೋಡಿ. ಒಂದೇ ಕಂಪನಿಯ ಒಂದೇ ನಮೂನೆಯ ನೂರು ಬೇರಿಂಗನ್ನು ಒಂದೇ ಭಾರದಲ್ಲಿ ಓಡಿಸಿದರೂ ಅವು ಒಟ್ಟಿಗೆ ಕೆಡುವುದಿಲ್ಲ. ಕ್ಯಾಟಲಾಗಿನಲ್ಲಿ ಬರೆದಿರುವ ಆಯುಸ್ಸು ಎಂದರೆ ನೂರರಲ್ಲಿ 10 ಕೆಟ್ಟಿರುವ ಹೊತ್ತು. ಆಗಲೂ 90 ಓಡುತ್ತಿರುತ್ತವೆ. ಅರ್ಧಕ್ಕರ್ಧ ಬೇರಿಂಗ್‌ಗಳು ಅದರ ನಾಲ್ಕೈದು ಪಟ್ಟು ಬಾಳುತ್ತವೆ. ತಾರೀಖು ನೋಡಿ ತೆಗೆದರೆ ಒಳ್ಳೆಯವನ್ನೇ ಹೆಚ್ಚು ಎಸೆಯುತ್ತೀರಿ. ಬೇಗ ಕೆಡುವ ಆ ಹತ್ತು ಹೇಗೂ ನಿಮ್ಮ ತಾರೀಖಿಗೆ ಮುಂಚೆಯೇ ಕೈಕೊಟ್ಟಿರುತ್ತವೆ.

ಪಟ್ಟು ಸಡಿಲಿಸಿದ್ದು ವಿಮಾನ ಕಂಪನಿಗಳು. 1968ರಲ್ಲಿ ಬೋಯಿಂಗ್ 747ಕ್ಕಾಗಿ ಹೊಸ ಮೆಂಟೆನೆನ್ಸ್ ನಿಯಮ ಬರೆದರು. ಹಳೆಯ ಡಿಸಿ-8 ವಿಮಾನದಲ್ಲಿ 339 ಭಾಗಗಳಿಗೆ ಅವಧಿ ನೋಡಿ ಓವರ್‌ಹಾಲ್ ಮಾಡಬೇಕಿತ್ತು. ಹೊಸ ವಿಧಾನದಲ್ಲಿ ಯೋಜಿಸಿದ ಡಿಸಿ-10ರಲ್ಲಿ ಅವು 7 ಮಾತ್ರ. 1978ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ ತಮ್ಮ ವರದಿಯಲ್ಲಿ ಲೆಕ್ಕ ಕೊಟ್ಟರು: ಅವರು ನೋಡಿದ ಭಾಗಗಳಲ್ಲಿ ಶೇಕಡಾ 89ಕ್ಕೆ ವಯಸ್ಸಿನ ಮಿತಿ ಹಾಕಿ ಪ್ರಯೋಜನವಿಲ್ಲ.

ಈ 89ನ್ನು ತಂದು ಅಕ್ಕಿ ಮಿಲ್‌ಗೆ ಹಾಗೇ ಅಂಟಿಸಬಾರದು. ಭತ್ತದ ಸಿಪ್ಪೆ ಸುಲಿಯುವ ರಬ್ಬರ್ ರೋಲ್, ಪಾಲಿಶರಿನ ಕಲ್ಲು, ಜರಡಿ, ಇವೆಲ್ಲ ಎಷ್ಟು ಭತ್ತ ಹಾದುಹೋಯಿತೋ ಅಷ್ಟು ಸವೆಯುತ್ತವೆ. ಅವಕ್ಕೆ ಕ್ವಿಂಟಾಲ್ ಲೆಕ್ಕವೇ ಸರಿ. ಬಾಯ್ಲರಿಗಂತೂ ಕಾನೂನಿನ ತಪಾಸಣೆ ಇದೆ, ಅದನ್ನು ತಪ್ಪಿಸುವ ಹಾಗಿಲ್ಲ. ಸ್ಥಿತಿ ನೋಡಿ ಕೆಲಸ ಮಾಡಬೇಕಾದದ್ದು ಬೇರಿಂಗ್, ಮೋಟಾರ್, ಗೇರ್‌ಬಾಕ್ಸ್, ಫ್ಯಾನ್‌ಗಳಿಗೆ.

ಸ್ಥಿತಿ ನೋಡುವುದು ಹೇಗೆ? ಕಾಕಾ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂರುವ ಕವಚದ, ಅಂದರೆ ಹೌಸಿಂಗ್ ಮೇಲೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಒಂದೇ ಸಮ 'ಜುಂಯ್' ಅಂದರೆ ಚೆನ್ನಾಗಿದೆ. ನಡುವೆ ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ 'ಕಟಕಟ' ಅಂದರೆ ಹೋಗುತ್ತಿದೆ. ಇದು ಸುಮ್ನೆ ಊಹೆಯಲ್ಲ, ಪೂರಾ ವಿದ್ಯೆ. ಕೊರತೆ ಒಂದೇ: ಹೋದ ತಿಂಗಳ ಸದ್ದನ್ನು ಇವತ್ತಿನದರ ಪಕ್ಕ ಇಟ್ಟು ನೋಡಲಾಗುವುದಿಲ್ಲ. ಕಾಕಾ ರಜೆ ಹಾಕಿದರೆ ಕಿವಿಯೂ ರಜೆ.

ಆ ಸದ್ದನ್ನು ಅಂಕಿಗೆ ಇಳಿಸುವ ಕೆಲಸ ನಡೆದದ್ದು ನಿಧಾನವಾಗಿ. 1939ರಲ್ಲಿ ಟಿ.ಸಿ. ರಾಥ್‌ಬೋನ್ ಎಂಬ ಅಮೆರಿಕದ ಎಂಜಿನಿಯರ್ ಯಂತ್ರ ಎಷ್ಟು ನಡುಗಿದರೆ ಸಹಿಸಬಹುದು ಎಂದು ಒಂದು ನಕ್ಷೆ ಕೊಟ್ಟರು. 1940ರ ದಶಕದಲ್ಲಿ ಅಲ್ಲಿನ ರೈಲ್ವೆಗಳು ಡೀಸೆಲ್ ಎಂಜಿನ್ನಿನ ಎಣ್ಣೆಯಲ್ಲಿ ಲೋಹದ ಪುಡಿ ಹುಡುಕತೊಡಗಿದವು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಕೊಟ್ಟ ಗಣಿತದ ದಾರಿಯಿಂದ ಒಂದು ನಡುಕವನ್ನು ಎಳೆ ಎಳೆಯಾಗಿ ಬಿಡಿಸುವುದು ಕಂಪ್ಯೂಟರಿಗೆ ಸುಲಭವಾಯಿತು. ನಿಮಿಷಕ್ಕೆ 1,440 ಸುತ್ತಿನ ಮೋಟಾರ್ ಸೆಕೆಂಡಿಗೆ 24 ಸಲ ತಿರುಗುತ್ತದೆ. ನಡುಕವೂ 24ರಲ್ಲೇ ಜೋರಾಗಿದ್ದರೆ ಫ್ಯಾನಿನ ತೂಕ ಒಂದು ಕಡೆ ವಾಲಿರಬಹುದು. 48ರಲ್ಲಿ ಜೋರಾಗಿದ್ದರೆ ಮೋಟಾರನ್ನು ಯಂತ್ರಕ್ಕೆ ಜೋಡಿಸುವ ಕಪ್ಲಿಂಗ್ ಓರೆಯಾಗಿರಬಹುದು. 1974ರಲ್ಲಿ ಅಂತರರಾಷ್ಟ್ರೀಯ ಮಾನದಂಡವೂ ಬಂತು. ಅದು ಹೇಳಿದ್ದು: 15 ಕಿಲೊವಾಟ್ ಒಳಗಿನ ಮೋಟಾರಿಗೆ ನಡುಕದ ವೇಗ ಸೆಕೆಂಡಿಗೆ 1.8 ಮಿಲಿಮೀಟರ್ ತನಕ ಚಿಂತೆಯಿಲ್ಲ, 4.5 ದಾಟಿದರೆ ಓಡಿಸಬೇಡಿ.

ನಮ್ಮ ಸೀಮೆಯ ದೊಡ್ಡ ಸ್ಥಾವರಗಳಿಗೆ ಇದು ಹೊಸದಲ್ಲ. ರಾಯಚೂರು ಬಳಿಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನ ಮೊದಲ ಘಟಕ ಶುರುವಾದದ್ದು 1985ರಲ್ಲಿ. ನಿಮಿಷಕ್ಕೆ 3,000 ಸುತ್ತಿನ ಟರ್ಬೈನನ್ನು ನಡುಕ ಅಳೆಯದೆ ಯಾರೂ ಓಡಿಸುವುದಿಲ್ಲ. ಸಣ್ಣ ಮಿಲ್‌ಗಳಿಗೆ ಇದು ಎಟುಕದೆ ಉಳಿದದ್ದು ಉಪಕರಣದ ಬೆಲೆಯಿಂದ. ಈಗ ಮೊಬೈಲ್ ಅಡ್ಡ ಹಿಡಿದರೆ ಚಿತ್ರವೂ ತಿರುಗುತ್ತದಲ್ಲ, ಅಂಥದೇ ಚಿಪ್ ಇರುವ ಸೆನ್ಸರುಗಳು ಬಂದಿವೆ. ಬೆಲೆ ಇಳಿದಿದೆ.

ಆದರೆ ನಿಂತಲ್ಲೇ ನಿಂತಿರುವ ವಸ್ತು ಹೀಗೆ ಸದ್ದು ಮಾಡಿ ಹೇಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕೆಳಗಿನ ನಾವೆಲ್ಲ ನಾಟಿ ಮಾಡಿದ ಗದ್ದೆ ನೋಡುತ್ತ ಎದೆ ಹಿಡಿದುಕೊಂಡು ಕೂತಿದ್ದೆವು. ಅಂಥ ಚೈನಿಗೆ ಬೇಕಾದದ್ದು ಬೇರೆ ಪರೀಕ್ಷೆ: ತುಕ್ಕು, ಸವೆತ, ಬಿರುಕುಗಳನ್ನು ಕೊಂಡಿ ಕೊಂಡಿಯಾಗಿ ನೋಡಬೇಕು, ಅಳೆಯಬೇಕು. ಅದೂ ಸ್ಥಿತಿ ನೋಡುವುದೇ.

ಬ್ಲೋವರ್ ಕೈಕೊಟ್ಟ ಮರುವರ್ಷ ನಮ್ಮ ಮಿಲ್ ಒಂದು ಸಣ್ಣ ವೈಬ್ರೇಶನ್ ಮೀಟರ್ ಕೊಂಡಿತು. ಪ್ರತಿ ಸೋಮವಾರ ಹೌಸಿಂಗ್ ಮೇಲೆ ಬಣ್ಣ ಹಚ್ಚಿದ ಅದೇ ಜಾಗದಲ್ಲಿ ಇಟ್ಟು ಅಂಕಿ ಬರೆಯುವುದು. ಕೈ ಮುಟ್ಟಿ ಬಿಸಿ ನೋಡುವುದನ್ನು ಬಿಟ್ಟೆವು. ಮೇ ತಿಂಗಳ ನಮ್ಮ ಬಿಸಿಲಿಗೆ ಏನು ಮುಟ್ಟಿದರೂ ಸುಡುತ್ತದೆ. ಹೊರಗಿನ ಬಿಸಿಗಿಂತ ಬೇರಿಂಗ್ ಎಷ್ಟು ಜಾಸ್ತಿ ಕಾದಿದೆ ಎಂದು ಬರೆಯತೊಡಗಿದೆವು.

ಅಂಕಿ ಬರೆಯುವುದು ಕಷ್ಟವೇ ಅಲ್ಲ. ಅಂಕಿ ಏರಿದಾಗ ಮಿಲ್ ನಿಲ್ಲಿಸಲು ಯಾರು ಹೇಳಬೇಕು? ಎಷ್ಟೋ ಕಡೆ ಈ ಪದ್ಧತಿ ಸೋಲುವುದು ಇಲ್ಲೇ, ಎಂದು ನನಗೆ ಅನಿಸುತ್ತದೆ. ನಾವು ಸುಗ್ಗಿಗೆ ಮುಂಚೆಯೇ ಸಾಹುಕಾರರನ್ನು ಕೂರಿಸಿಕೊಂಡು ಮಾತು ತೆಗೆದುಕೊಂಡೆವು: 1.8 ದಾಟಿದರೆ ದಿನಾ ನೋಡುವುದು, 3.5 ದಾಟಿದರೆ ನಿಲ್ಲಿಸುವ ದಿನ ಕಾಕಾ ಹೇಳುವುದು.

ಆ ಡಿಸೆಂಬರಿನಲ್ಲಿ ಬ್ಲೋವರ್ 1.3 ಇದ್ದದ್ದು 2.2 ಆಯಿತು, ಆಮೇಲೆ 3.6. ಸಾಹುಕಾರರು, "ಇನ್ನೊಂದು ವಾರ ತಡೀತದೇನು?" ಎಂದರು. ಕಾಕಾ ಸ್ಕ್ರೂಡ್ರೈವರ್ ಹಚ್ಚಿ ಕೇಳಿ, "ಐತವಾರ ಮಧ್ಯಾಹ್ನ ಕೊಡ್ರಿ, ಸಾಕು" ಎಂದರು. ಡ್ರೈಯರ್ ಖಾಲಿ ಮಾಡಿಕೊಂಡು ಬಿಚ್ಚಿದೆವು. ಒಳಗಿನ ರಿಂಗಿನ ಮೇಲೆ ಸಾಸಿವೆ ಕಾಳಿನಷ್ಟು ಗುಳಿ ಬಿದ್ದಿತ್ತು. ಹೊಸ ಬೇರಿಂಗನ್ನು ಬಿಸಿ ಮಾಡಿ ಶಾಫ್ಟಿಗೆ ಜಾರಿಸಿದೆವು. ಸುತ್ತಿಗೆ ಮುಟ್ಟಲಿಲ್ಲ. ಮೂರು ಗಂಟೆಯೊಳಗೆ ಬ್ಲೋವರ್ ತಿರುಗಿತು. ರಿಜಿಸ್ಟರಿನಲ್ಲಿ ಬರೆದ ಅಂಕಿ 0.9.